ನಡುಗುವ ಕೈ, ನಿಲ್ಲುವ ಚಿತ್ರ

ಆಷಾಢವೆಂದರೆ ನಾಡಿನ ಅನೇಕ ಕಡೆಗಳಲ್ಲಿ ನವದಂಪತಿಗಳಿಗೆ ಅಗಲಿಕೆಯ ತಿಂಗಳು. ಚಾಮರಾಜನಗರದಲ್ಲಿ ಮಾತ್ರ ಅದು ಕೂಡಿಕೆಯ ತಿಂಗಳೂ ಹೌದು. ತವರಿಗೆ ಬಂದಿರುವ ಹೊಸ ಮದುವಣಗಿತ್ತಿ, ಅವಳನ್ನು ಕಾಣಲು ಬಸ್ಸು ಹತ್ತಿ ಬಂದ ಗಂಡ ಇಬ್ಬರೂ ಹುಣ್ಣಿಮೆಯ ದಿನ ಚಾಮರಾಜೇಶ್ವರನ ತೇರಿನ ಬೀದಿಯಲ್ಲಿ ಜೊತೆಗೂಡುತ್ತಾರೆ. ಬಾಳೆಹಣ್ಣಿಗೆ ಜವನ ಸಿಕ್ಕಿಸಿ ರಥದತ್ತ ಎಸೆದು ಕೈಮುಗಿಯುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಕಟ್ಟಿಸಿದ ಈ ದೇವಾಲಯದ ಮುಂದೆ ಆ ದಿನ ಕಾಲಿಡಲೂ ಸ್ಥಳವಿರುವುದಿಲ್ಲ. ಮೇಲೆ ಮೋಡ, ಬೀದಿಯ ತುಂಬ ಗಾಳಿ, ಜನರ ಕೈಯಲ್ಲೆಲ್ಲ ಕ್ಯಾಮೆರಾ ಇಲ್ಲವೆ ಮೊಬೈಲು.

ಇಂಥದೊಂದು ಆಷಾಢದಲ್ಲಿ ಆ ಊರಿನ ಒಂದು ಮನೆಗೆ ಮೊಮ್ಮಗಳ ಗಂಡ ಮೈಸೂರಿನಿಂದ ಬಂದ. ಹೊಸ ಕ್ಯಾಮೆರಾ, ಅದಕ್ಕೆ ಮೊಳದುದ್ದದ ಲೆನ್ಸು. ಹೆಂಡತಿ ಹಣ್ಣು ಎಸೆಯುವ ಕ್ಷಣವನ್ನು ಗೆಳೆಯನೊಬ್ಬ ಈ ಕಡೆಯಿಂದ ಮೊಬೈಲಿನಲ್ಲಿ ಹಿಡಿದ. ತಾನು ಎಸೆದು ಮುಗಿಸಿದ ಮೇಲೆ ಗಂಡನೇ ಆ ಕಡೆಯಿಂದ ಕ್ಯಾಮೆರಾ ಹಿಡಿದ. ಅರವತ್ತು ಚಿತ್ರಗಳಾದವು. ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ಎಲ್ಲವೂ ಮುತ್ತಿನಂತೆ ಕಂಡುವು. ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಕುಳಿತು ದೂರದರ್ಶನದ ದೊಡ್ಡ ತೆರೆಯ ಮೇಲೆ ನೋಡಿದಾಗ ಮುತ್ತುಗಳೆಲ್ಲ ಹೊಗೆಯಾಗಿದ್ದುವು. ಮೊಮ್ಮಗಳ ಕಣ್ಣು ಎರಡೆರಡಾಗಿತ್ತು. ತೇರಿನ ಬಾವುಟಗಳು ಒಂದರ ಮೇಲೊಂದು ಹರಡಿಕೊಂಡಿದ್ದುವು. ಅರವತ್ತರಲ್ಲಿ ಒಂದೇ ಒಂದು ಚಿತ್ರ ನಿಚ್ಚಳವಾಗಿತ್ತು.

“ಕ್ಯಾಮೆರಾದಲ್ಲೇ ಏನೋ ದೋಷವಿರಬೇಕು, ತಾತ” ಎಂದ ಹುಡುಗ.

ಕುಣಿಯಲಾರದವಳು ನೆಲ ಡೊಂಕು ಎಂದ ಗಾದೆಯನ್ನು ತಾತ ಹೇಳಲಿಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಆ ಮೇಷ್ಟರು ಗೋಡೆಯ ಮೇಲಿದ್ದ ಒಂದು ಹಳೆಯ ಚಿತ್ರದ ಕಡೆಗೆ ಬೆರಳು ತೋರಿಸಿದರು. 1974ರ ಆಷಾಢದ ಚಿತ್ರ ಅದು. ಅದೇ ಬೀದಿ, ಅದೇ ದೇವರ ತೇರು. ಮುಂದೆ ಹಣ್ಣು ಎಸೆಯಲು ಕೈಯೆತ್ತಿದ ಎಳೆಯ ವಯಸ್ಸಿನ ಹೆಂಗಸು. ಆಕೆಯ ಮುಖ ಕಾಣುತ್ತಿರಲಿಲ್ಲ. ಮುಖವಿರಬೇಕಾದ ಸ್ಥಳದಲ್ಲಿ ಬಿಳಿಯ ಒಂದು ಉಜ್ಜು ಮಾತ್ರ ಇತ್ತು.

“ನಿಮ್ಮ ಅಜ್ಜಿ” ಎಂದರು ಅವರು. “ಆ ದಿನದ್ದು ಇರುವುದು ಅದೊಂದೇ. ನನಗೂ ಆಗ ಕ್ಯಾಮೆರಾದ ಮೇಲೆಯೇ ಸಿಟ್ಟು ಬಂದಿತ್ತು.”

ಆ ಅಜ್ಜಿ ತೀರಿಕೊಂಡು ಹಲವು ವರ್ಷಗಳಾದುವು. ಆಕೆ ಹಣ್ಣು ಎಸೆದ ರಥವೂ ಹಾಗೆ ಉಳಿಯಲಿಲ್ಲ: 2017ರ ಫೆಬ್ರವರಿಯಲ್ಲಿ ಅದು ಬೆಂಕಿಗೆ ಸಿಕ್ಕಿ ಎಳೆಯಲಾರದಂತಾಯಿತು. ಐದು ವರ್ಷ ತೇರಿಲ್ಲದೆ ಬರಿದಾಗಿದ್ದ ಬೀದಿಗೆ ಹೊಸ ರಥ ಬಂದುದು 2022ರಲ್ಲಿ. ಹಳೆಯ ತೇರು ಬೀದಿಯಲ್ಲಿ ಸಾಗಿದ ಬಗೆಯನ್ನು ಇನ್ನು ಛಾಯಾಚಿತ್ರಗಳಲ್ಲಿ ಮಾತ್ರವೇ ನೋಡಬೇಕು. ನಡುಗಿದ ಚಿತ್ರವನ್ನು ಇನ್ನೊಮ್ಮೆ ತೆಗೆದರಾಯಿತು ಎನ್ನುವವರು ಈ ಮಾತನ್ನು ನೆನೆಯುವುದು ಒಳ್ಳೆಯದು. ಕೆಲವು ಚಿತ್ರಗಳಿಗೆ ಇನ್ನೊಮ್ಮೆ ಎಂಬುದಿಲ್ಲ.

ರೋಗ ಯಾವುದು?

ಮಸುಕಾದ ಚಿತ್ರಗಳೆಲ್ಲ ಒಂದೇ ಕಾರಣದಿಂದ ಮಸುಕಾಗುವುದಿಲ್ಲ. ಮದ್ದು ಕೊಡುವ ಮುನ್ನ ರೋಗವನ್ನು ತಿಳಿಯಬೇಕು. ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಮೂರು ಬಗೆಯ ಮಸುಕನ್ನು ಗುರುತಿಸಬಹುದು.

ಮುಂದಿನ ವಸ್ತು ಮಬ್ಬಾಗಿದ್ದು ಹಿಂದಿನ ಕಂಬವೋ ಗೋಡೆಯೋ ಸ್ಪಷ್ಟವಾಗಿದ್ದರೆ, ಅದು ಫೋಕಸ್ ತಪ್ಪಿದ ಚಿತ್ರ. ಕಂಬ, ಗೋಡೆ, ನಿಂತ ಜನ ಎಲ್ಲರೂ ಸ್ಪಷ್ಟವಾಗಿದ್ದು, ಎಸೆದ ಹಣ್ಣೋ ಓಡುವ ಮಗುವೋ ಮಾತ್ರ ಎಳೆದಂತಾಗಿದ್ದರೆ, ಅದು ವಸ್ತುವಿನ ಚಲನೆ. ಆದರೆ ದೇವಾಲಯದ ಗೋಪುರದಿಂದ ಹಿಡಿದು ಮುಂದೆ ನಿಂತವರ ಸೀರೆಯ ಅಂಚಿನವರೆಗೆ ಎಲ್ಲವೂ ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ ಜಾರಿದ್ದರೆ, ಅಲುಗಿದ್ದು ಲೋಕವಲ್ಲ, ಕ್ಯಾಮೆರಾ. ಬೆಳಕಿನ ಚುಕ್ಕೆಗಳಿದ್ದರೆ ಇದು ಇನ್ನೂ ಸುಲಭವಾಗಿ ತಿಳಿಯುತ್ತದೆ. ಪ್ರತಿಯೊಂದು ದೀಪವೂ ಒಂದೇ ಬಗೆಯ ಪುಟ್ಟ ಗೆರೆಯಾಗಿರುತ್ತದೆ.

ಹುಡುಗನ ಐವತ್ತೊಂಬತ್ತು ಚಿತ್ರಗಳೂ ಈ ಮೂರನೆಯ ಬಗೆಯವೇ. “ಆ ಒಂದು ಚಿತ್ರ ತೆಗೆಯುವಾಗ ನೀವು ಎಲ್ಲಿ ನಿಂತಿದ್ದಿರಿ?” ಎಂದು ತಾತ ಕೇಳಿದರು. ಸ್ವಲ್ಪ ಯೋಚಿಸಿ ಹುಡುಗ ಹೇಳಿದ: ಜನರ ನೂಕುನುಗ್ಗಲಿನಲ್ಲಿ ಯಾರೋ ತಳ್ಳಿ, ಒಂದು ಕಲ್ಲುಕಂಬಕ್ಕೆ ಬೆನ್ನು ತಾಗಿತ್ತು. ಅಲ್ಲಿಯೇ ಉಸಿರು ಬಿಗಿಹಿಡಿದು ಒಂದು ಚಿತ್ರ ತೆಗೆದಿದ್ದ. ಅದರಲ್ಲಿಯೂ ಮೊಮ್ಮಗಳ ಮುಖ ನಿಚ್ಚಳವಾಗಿದ್ದು, ಎತ್ತಿದ ಕೈಯ ತುದಿ ಮಾತ್ರ ಮಸುಕಾಗಿತ್ತು. ಕಂಬ ಕ್ಯಾಮೆರಾವನ್ನು ನಿಲ್ಲಿಸಿತ್ತು. ಬೀಸುವ ಕೈಯನ್ನು ನಿಲ್ಲಿಸಲಾರದೆ ಹೋಯಿತು.

ನಡುಕಕ್ಕೆ ನಾಚಿಕೆಯೇಕೆ?

ಕೈ ನಡುಗುವುದು ಮುಪ್ಪಿನ ಲಕ್ಷಣವೆಂದೂ ಅಂಜುಕುಳಿಯ ಗುಣವೆಂದೂ ಹಲವರು ಭಾವಿಸುತ್ತಾರೆ. ಆರೋಗ್ಯವಂತನಾದ ಪ್ರತಿಯೊಬ್ಬ ಮನುಷ್ಯನ ಕೈಯೂ ಸೆಕೆಂಡಿಗೆ ಸುಮಾರು 8ರಿಂದ 12 ಸಲ ಸೂಕ್ಷ್ಮವಾಗಿ ಕಂಪಿಸುತ್ತಲೇ ಇರುತ್ತದೆ. ಇದರ ಮೇಲೆ ಎದೆಯ ಬಡಿತವಿದೆ, ಉಸಿರಾಟವಿದೆ. ಹಸಿವು, ಆಯಾಸ, ಬೆಟ್ಟ ಹತ್ತಿದ ಏದುಸಿರು, ಮೇಲಿಂದ ಮೇಲೆ ಕುಡಿದ ಕಾಫಿ ಇವೆಲ್ಲ ಆ ಕಂಪನವನ್ನು ಹೆಚ್ಚಿಸುತ್ತವೆ. ವಯಸ್ಸಾದವರಲ್ಲಿ ಅದು ಕಣ್ಣಿಗೆ ಕಾಣುವಷ್ಟಾಗಬಹುದು, ತರುಣರಲ್ಲಿ ಕಾಣದಿರಬಹುದು. ಕ್ಯಾಮೆರಾ ಮಾತ್ರ ಎರಡನ್ನೂ ಕಾಣುತ್ತದೆ.

ಈ ಕಂಪನ ಚಿತ್ರದಲ್ಲಿ ಎಷ್ಟು ಮೂಡಬೇಕೆಂಬುದನ್ನು ನಿರ್ಧರಿಸುವವು ಎರಡು ಸಂಗತಿಗಳು: ಷಟರ್ ತೆರೆದಿರುವ ಕಾಲ ಮತ್ತು ಲೆನ್ಸಿನ ಸಂಗಮದೂರ. ಷಟರ್ ತೆರೆದಿರುವಷ್ಟು ಹೊತ್ತೂ ಕೈಯ ಅಲುಗಾಟ ಚಿತ್ರದ ಮೇಲೆ ಗೆರೆ ಎಳೆಯುತ್ತದೆ. ಸಂಗಮದೂರ ಹೆಚ್ಚಿದಷ್ಟೂ ಆ ಗೆರೆ ಉದ್ದವಾಗುತ್ತದೆ. 36 ಮಿಲಿಮೀಟರ್ ಅಗಲದ ಸಂವೇದಕವುಳ್ಳ ಕ್ಯಾಮೆರಾದಲ್ಲಿ ತೆಗೆದ ಚಿತ್ರವನ್ನು ಒಂದಡಿ ಅಗಲಕ್ಕೆ ಮುದ್ರಿಸಿದರೆಂದು ಇಟ್ಟುಕೊಂಡರೆ ಲೆಕ್ಕ ಹೀಗಾಗುತ್ತದೆ. ಷಟರ್ ತೆರೆದಿದ್ದಾಗ ಕ್ಯಾಮೆರಾ ಒಂದು ಡಿಗ್ರಿಯ ಇಪ್ಪತ್ತನೆಯ ಒಂದು ಭಾಗದಷ್ಟು ವಾಲಿತು. 50 ಮಿಲಿಮೀಟರ್ ಲೆನ್ಸಿದ್ದರೆ ಮುದ್ರಿತ ಚಿತ್ರದಲ್ಲಿ ಮಸುಕು ಮಿಲಿಮೀಟರಿನ ಮೂರನೆಯ ಒಂದು ಪಾಲಿಗೆ ತುಸು ಮೇಲೆ. ಕಣ್ಣಿಗೆ ಅಷ್ಟಾಗಿ ಬೀಳದು. 400 ಮಿಲಿಮೀಟರ್ ಲೆನ್ಸಾದರೆ ಅದೇ ವಾಲಿಕೆಗೆ ಮಸುಕು ಸುಮಾರು 3 ಮಿಲಿಮೀಟರ್! ಆನೆಯ ಕಣ್ಣು ಮಾಯವಾಗಲು ಅಷ್ಟು ಸಾಕು.

ಈ ಲೆಕ್ಕದಿಂದಲೇ ಹವ್ಯಾಸಿಗಳು ಒಂದು ಸುಲಭ ಸೂತ್ರವನ್ನು ಮಾಡಿಕೊಂಡರು. ಲೆನ್ಸಿನ ಸಂಗಮದೂರ ಎಷ್ಟು ಮಿಲಿಮೀಟರೋ, ಸೆಕೆಂಡಿನ ಅಷ್ಟನೆಯ ಒಂದು ಭಾಗಕ್ಕಿಂತ ನಿಧಾನವಾಗಿ ಕೈಯಲ್ಲಿ ಹಿಡಿದು ತೆಗೆಯಬಾರದು. 50 ಮಿಲಿಮೀಟರಿಗೆ 1/60, 200ಕ್ಕೆ 1/250, 400ಕ್ಕೆ 1/500. ಸಂವೇದಕ ಸಣ್ಣದಾಗಿರುವ ಬಹುತೇಕ ಹವ್ಯಾಸಿ ಕ್ಯಾಮೆರಾಗಳಲ್ಲಿ ಸಂಗಮದೂರವನ್ನು ಒಂದೂವರೆಯಿಂದ ಗುಣಿಸಿಕೊಳ್ಳಬೇಕು. ಅಲ್ಲಿ 200ರ ಲೆನ್ಸು 300ರಂತೆ ವರ್ತಿಸುವುದರಿಂದ 1/320 ಇದ್ದರೆ ಕ್ಷೇಮ. ಇದು ಶಾಸನವಲ್ಲ, ಎಚ್ಚರಿಕೆಯ ಗೆರೆ.

ಹುಡುಗನ ಚಿತ್ರಗಳಲ್ಲಿ ಷಟರಿನ ವೇಗ ಎಷ್ಟಿತ್ತು? ಕ್ಯಾಮೆರಾ ಅದನ್ನೂ ಬರೆದಿಟ್ಟುಕೊಂಡಿತ್ತು: 200 ಮಿಲಿಮೀಟರಿನಲ್ಲಿ 1/60. ಐಎಸ್‌ಒ ಸಂಖ್ಯೆ ಕಡಿಮೆಯಿದ್ದಷ್ಟೂ ಚಿತ್ರ ನುಣುಪು ಎಂದು ಯಾರೋ ಹೇಳಿದ್ದನ್ನು ನಂಬಿ ಅವನು ಅದನ್ನು 100ರಲ್ಲಿಯೇ ಇಟ್ಟಿದ್ದ. ಬಿಸಿಲಿನಲ್ಲಿ ಆ ಮಾತು ಸರಿ. ಆಷಾಢದ ಮೋಡದ ಕೆಳಗೆ ಅದೇ ಮಾತು ಐವತ್ತೊಂಬತ್ತು ಚಿತ್ರಗಳನ್ನು ನುಂಗಿತು. ಐಎಸ್‌ಒವನ್ನು 800ಕ್ಕೆ ಏರಿಸಿದ್ದರೆ, ಬೇರೇನನ್ನೂ ಬದಲಿಸದೆಯೇ, ಷಟರಿನ ವೇಗ 1/500ರ ಸಮೀಪಕ್ಕೆ ಬರುತ್ತಿತ್ತು. ಆಗ ಹಾರುವ ಹಣ್ಣೂ ನಿಲ್ಲುತ್ತಿತ್ತು. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಹಾರುವ ಹಣ್ಣು 1/60 ಸೆಕೆಂಡಿನಲ್ಲಿ 13 ಸೆಂಟಿಮೀಟರ್ ಸಾಗುತ್ತದೆ; 1/500 ಸೆಕೆಂಡಿನಲ್ಲಿ ಒಂದೂವರೆ ಸೆಂಟಿಮೀಟರಿಗೆ ತುಸು ಹೆಚ್ಚು, ಅಷ್ಟೆ.

ಐಎಸ್‌ಒ ಏರಿಸಿದರೆ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಳುಕಾಳು ಕಾಣುವುದು ನಿಜ. ಆದರೆ ಕಾಳಿನ ಹಿಂದೆ ಮುಖವಿರುತ್ತದೆ. ನಡುಕದ ಹಿಂದೆ ಏನೂ ಇರುವುದಿಲ್ಲ. ಕಾಳು ಮತ್ತು ನಡುಕಗಳಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕಾದಾಗ ಕಾಳನ್ನೇ ಆರಿಸಿಕೊಳ್ಳುವುದು ಲೇಸು.

1974ರ ತಾತನಿಗೆ ಈ ಆಯ್ಕೆಯಿರಲಿಲ್ಲ. ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಅವರ ಕ್ಯಾಮೆರಾ. ಒಂದು ಸುರುಳಿಗೆ ಹನ್ನೆರಡೇ ಚಿತ್ರ, ಷಟರಿನ ವೇಗವನ್ನು ಬದಲಾಯಿಸುವ ಸೌಕರ್ಯವೂ ಇಲ್ಲ. ಒಳಗಿದ್ದುದು ‘ಇಂದು’ ಫಿಲ್ಮು. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ಹಾದು ಮೇಲೇರುವ ರಸ್ತೆಯ ಕೊನೆಯಲ್ಲಿ, ಊಟಿಯಲ್ಲಿ, 1960ರಲ್ಲಿ ಸ್ಥಾಪನೆಗೊಂಡ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ ಅದನ್ನು ತಯಾರಿಸುತ್ತಿತ್ತು. ಕಾರ್ಖಾನೆ ಈಗ ಮುಚ್ಚಿದೆ. ಆ ಕಾಲದವರಿಗೆ ವೇಗ ಹೆಚ್ಚಿಸುವ ದಾರಿಯಿಲ್ಲದಿದ್ದುದರಿಂದ ದೇಹವನ್ನು ನಿಲ್ಲಿಸುವ ದಾರಿಯನ್ನಾದರೂ ಕಲಿಯಬೇಕಾಗಿತ್ತು. ತಾತ ಅದನ್ನು ಕಲಿತುದು ಆ ಒಂದು ಚಿತ್ರ ಕೆಟ್ಟ ಮೇಲೆ.

ಹಿಡಿಯುವ ಬಗೆ

ಕ್ಯಾಮೆರಾವನ್ನು ಎರಡು ಪಕ್ಕಗಳಿಂದ ಚಿವುಟಿ ಹಿಡಿಯುವುದು ಹಲವರ ರೂಢಿ. ಭಾರವೆಲ್ಲ ಬೆರಳ ತುದಿಗಳ ಮೇಲೆ ಬಿದ್ದು ನಡುಕ ಹೆಚ್ಚುತ್ತದೆ. ಎಡ ಅಂಗೈ ಮೇಲ್ಮುಖವಾಗಿರಬೇಕು. ಲೆನ್ಸು ಅದರ ಮೇಲೆ ಕುಳಿತುಕೊಳ್ಳಬೇಕು. ಬಲಗೈಗೆ ಗುಂಡಿ ಒತ್ತುವ ಕೆಲಸವೇ ಮುಖ್ಯ. ಎರಡೂ ಮೊಣಕೈಗಳು ಪಕ್ಕೆಗೆ ಅಂಟಿರಬೇಕು. ಹಿಂದಿನ ಕಾಲದ ಮೇಷ್ಟರು ಕಂಕುಳಲ್ಲಿ ಕೊಡೆ ಇರುಕಿಕೊಂಡು ನಡೆಯುತ್ತಿದ್ದರಲ್ಲ, ಹಾಗೆ. ಎರಡು ಕಂಕುಳಲ್ಲಿ ಎರಡು ಕೊಡೆಗಳಿವೆಯೆಂದು ಭಾವಿಸಿದರೆ ಮೊಣಕೈ ತಾನಾಗಿ ಸರಿಯಾದ ಸ್ಥಾನಕ್ಕೆ ಬರುತ್ತದೆ.

ಕಾಲುಗಳ ನಡುವೆ ಭುಜದಗಲ ಅಂತರವಿದ್ದು ಒಂದು ಪಾದ ತುಸು ಮುಂದಿರಲಿ. ಕ್ಯಾಮೆರಾಕ್ಕೆ ನೋಟದ ಕಿಂಡಿ ಇದ್ದರೆ ಅದನ್ನು ಹುಬ್ಬಿಗೆ ಒತ್ತಿ ಹಿಡಿಯಬೇಕು. ಎರಡು ಕೈಗಳ ಜೊತೆಗೆ ತಲೆಯೂ ಮೂರನೆಯ ಆಸರೆಯಾಗುತ್ತದೆ. ಉಸಿರನ್ನು ಬಲವಾಗಿ ಒಳಗೆಳೆದು ಕಟ್ಟಿಕೊಂಡರೆ ಎದೆ ಇನ್ನಷ್ಟು ಬಡಿಯುತ್ತದೆ. ಸಹಜವಾಗಿ ಉಸಿರು ಬಿಡುತ್ತ ಬಿಡುತ್ತ, ಅದು ತಾನೇ ನಿಲ್ಲುವ ಒಂದು ಗಳಿಗೆಯಲ್ಲಿ ಗುಂಡಿಯನ್ನು ಒತ್ತಬೇಕು.

ಒತ್ತುವುದರಲ್ಲಿಯೂ ಹದವಿದೆ. ಮಾವಿನಹಣ್ಣು ಮಾಗಿದೆಯೇ ಎಂದು ನೋಡುವವರು ಅದನ್ನು ಕುಟ್ಟುವುದಿಲ್ಲ, ಬೆರಳಿನಿಂದ ಮೆಲ್ಲಗೆ ಅದುಮುತ್ತಾರೆ. ಗುಂಡಿಯನ್ನೂ ಹಾಗೆಯೇ ಅದುಮಬೇಕು, ಚಿತ್ರ ಮೂಡಿದ ಮೇಲೂ ಬೆರಳನ್ನು ತಟಕ್ಕನೆ ತೆಗೆಯಬಾರದು. ಒಂದೇ ಚಿತ್ರದ ಬದಲು ಸಾಲಾಗಿ ಮೂರು ತೆಗೆದರೆ ನಡುವಿನದು ಸಾಮಾನ್ಯವಾಗಿ ಹೆಚ್ಚು ಸ್ಪಷ್ಟವಾಗಿರುತ್ತದೆ: ಮೊದಲನೆಯದರಲ್ಲಿ ಬೆರಳು ಇಳಿಯುವ ಅಲುಗು, ಕೊನೆಯದರಲ್ಲಿ ಬೆರಳು ಏಳುವ ಅಲುಗು.

ಮೊಬೈಲು ಹಿಡಿಯುವವರಿಗೂ ಈ ಮಾತುಗಳು ಸಲ್ಲುತ್ತವೆ. ಒಂದು ಕೈಯನ್ನು ಮುಂದಕ್ಕೆ ಚಾಚಿ ಹೆಬ್ಬೆರಳಿನಿಂದ ಗಾಜನ್ನು ತಟ್ಟುವುದಕ್ಕಿಂತ ನಡುಕಕ್ಕೆ ಹೆಚ್ಚು ಅನುಕೂಲವಾದ ಭಂಗಿ ಬೇರೊಂದಿಲ್ಲ. ಎರಡೂ ಕೈಯಿಂದ ಹಿಡಿದು, ಮೊಣಕೈಗಳನ್ನು ಪಕ್ಕೆಗೆ ತಂದು, ಧ್ವನಿ ಹೆಚ್ಚಿಸುವ ಪಕ್ಕದ ಗುಂಡಿಯನ್ನು ಅದುಮಿದರೆ ಅನೇಕ ಮೊಬೈಲುಗಳಲ್ಲಿ ಚಿತ್ರ ಮೂಡುತ್ತದೆ. ಅದಿಲ್ಲವಾದರೆ ಎರಡೋ ಮೂರೋ ಸೆಕೆಂಡಿನ ಟೈಮರ್ ಇಡಬಹುದು. ಇರುಳಿನ ಚಿತ್ರಗಳಿಗೆ ಮೊಬೈಲು ಕೆಲವು ಸೆಕೆಂಡುಗಳ ಕಾಲ ಹಲವು ಚಿತ್ರಗಳನ್ನು ತೆಗೆದು ಒಂದಾಗಿ ಬೆಸೆಯುತ್ತದೆ. ಆ ಕೆಲಸ ಮುಗಿಯುವ ಮುನ್ನವೇ ಕೈ ಕೆಳಗಿಳಿಸುವವರು ಮೊಬೈಲನ್ನು ದೂರುವಂತಿಲ್ಲ.

ಗೋಡೆಯ ಮೇಲಿನ ಪರೀಕ್ಷೆ

ಯಾರ ಕೈ ಎಷ್ಟು ನಿಲ್ಲುತ್ತದೆಂಬುದನ್ನು ಪುಸ್ತಕ ಹೇಳಲಾರದು. ಮನೆಯ ಗೋಡೆಯೇ ಹೇಳಬೇಕು. ತೇರಿನ ಮರುದಿನ ಆ ಮನೆಯಲ್ಲಿ ನಡೆದ ಪರೀಕ್ಷೆಯನ್ನು ಯಾವ ಮನೆಯಲ್ಲಿ ಬೇಕಾದರೂ ನಡೆಸಬಹುದು. ತಿಥಿ, ನಕ್ಷತ್ರಗಳೆಲ್ಲ ಸಣ್ಣ ಅಕ್ಷರಗಳಲ್ಲಿ ಅಚ್ಚಾದ ಕ್ಯಾಲೆಂಡರನ್ನು ಕಿಟಕಿಯ ಬೆಳಕು ಬೀಳುವ ಗೋಡೆಗೆ ತೂಗುಹಾಕಿ, ಹತ್ತಡಿ ದೂರದಲ್ಲಿ ನಿಂತು, 1/250, 1/125, 1/60, 1/30, 1/15 ಹೀಗೆ ಒಂದೊಂದು ವೇಗದಲ್ಲಿಯೂ ಹತ್ತು ಹತ್ತು ಚಿತ್ರಗಳನ್ನು ತೆಗೆಯಬೇಕು. ಬಳಿಕ ದೊಡ್ಡದು ಮಾಡಿ, ಅಕ್ಷರಗಳನ್ನು ಓದಲು ಬರುವ ಚಿತ್ರಗಳನ್ನು ಎಣಿಸಬೇಕು. ಹತ್ತರಲ್ಲಿ ಎಂಟಾದರೂ ಉಳಿಯುವ ಕಡೆಯ ವೇಗವೇ ಅವರವರ ಗೆರೆ.

50 ಮಿಲಿಮೀಟರಿಗೆ ಹೊಂದಿಸಿದ ಆ ಲೆನ್ಸಿನಲ್ಲಿ ಹುಡುಗನ ಗೆರೆ 1/60ಕ್ಕೆ ನಿಂತಿತು. ಮೊಮ್ಮಗಳದು 1/30, ಹೊಲಿಗೆ ಬಲ್ಲ ಕೈ! ತಾತ ಬಹಳ ಹೊತ್ತು ಒಲ್ಲೆನೆಂದರು. ಕೈ ಅಲುಗುತ್ತದೆಂಬ ಕಾರಣದಿಂದ ಅವರು ಕ್ಯಾಮೆರಾ ಮುಟ್ಟದೆ ಹಲವು ವರ್ಷಗಳಾಗಿದ್ದುವು. ಮೊಮ್ಮಗಳು ಬಲವಂತ ಮಾಡಿದ ಮೇಲೆ ಎತ್ತಿಕೊಂಡರು. ಅವರ ಗೆರೆ 1/250. ಬಾಗಿಲಿನ ಚೌಕಟ್ಟಿಗೆ ಭುಜವನ್ನು ಆನಿಸಿ ನಿಂತು ತೆಗೆದಾಗ ಅದು 1/60ಕ್ಕೆ ಇಳಿಯಿತು.

“ನೋಡಿದೆಯಾ ತಾತ? ಬಾಗಿಲ ಹತ್ತಿರ ನಿಂತರೆ ನೀನೂ ಇವರೂ ಒಂದೇ” ಎಂದಳು ಮೊಮ್ಮಗಳು.

ಅದು ಬರಿಯ ಸಮಾಧಾನದ ಮಾತಲ್ಲ, ಲೆಕ್ಕ. 1/250ರಿಂದ 1/60ಕ್ಕೆ ಬಂದರೆ ಕ್ಯಾಮೆರಾಕ್ಕೆ ನಾಲ್ಕು ಪಟ್ಟು ಬೆಳಕು ದೊರೆಯುತ್ತದೆ. ಅಷ್ಟು ಲಾಭವನ್ನು ಒಂದು ಬಾಗಿಲಿನ ಚೌಕಟ್ಟು ಬಿಡಿಗಾಸಿಲ್ಲದೆ ಕೊಟ್ಟಿತು.

ಹೂವಿನ ಹೊಲ, ಮಂಜಿನ ಬೆಟ್ಟ

ಕಲಿತುದನ್ನು ಒರೆಗೆ ಹಚ್ಚಲು ಭಾನುವಾರ ಮೂವರೂ ತೆರಕಣಾಂಬಿಯ ದಾರಿಯಾಗಿ ಗುಂಡ್ಲುಪೇಟೆಗೆ ಹೊರಟರು. ಮುಂಗಾರಿನ ಆ ದಿನಗಳಲ್ಲಿ ಗುಂಡ್ಲುಪೇಟೆಯ ಸುತ್ತ ಸೂರ್ಯಕಾಂತಿ, ಚೆಂಡುಹೂವುಗಳ ಹೊಲಗಳು ಬಣ್ಣ ಚೆಲ್ಲಿರುತ್ತವೆ. ಊಟಿಗೂ ಕೇರಳಕ್ಕೂ ಹೋಗುವ ಪ್ರಯಾಣಿಕರು ಇಲ್ಲಿ ಇಳಿದು ಚಿತ್ರ ತೆಗೆದುಕೊಳ್ಳುವುದು ರೂಢಿ. ಹೊಲದ ಯಜಮಾನರನ್ನು ಕೇಳಿಯೇ ಒಳಗೆ ಕಾಲಿಡಬೇಕೆಂಬುದನ್ನು ಇಲ್ಲಿ ಹೇಳಿಬಿಡುವುದು ಸೂಕ್ತ.

ಇಲ್ಲಿ ಶತ್ರು ಕೈಯಲ್ಲ, ಗಾಳಿ. ಆಷಾಢದ ಗಾಳಿಗೆ ತಲೆದೂಗುವ ಸೂರ್ಯಕಾಂತಿಯ ಮುಂದೆ ಮುಕ್ಕಾಲಿಯನ್ನೇ ನೆಟ್ಟರೂ ನಿಧಾನದ ಷಟರಿಗೆ ಹೂ ಸಿಕ್ಕದು. ಈಗಿನ ಕ್ಯಾಮೆರಾಗಳಲ್ಲಿ ಬರುವ ಕಂಪನ ನಿವಾರಣೆಯ ಏರ್ಪಾಡಿನ ಇತಿಮಿತಿಯೂ ಇಲ್ಲಿಯೇ ತಿಳಿಯುತ್ತದೆ. ಕೈ ಎತ್ತ ವಾಲಿತೆಂಬುದನ್ನು ಒಳಗಿನ ಸೂಕ್ಷ್ಮಯಂತ್ರವೊಂದು ಅರಿತು, ಲೆನ್ಸಿನ ಒಂದು ಗಾಜನ್ನಾಗಲಿ ಸಂವೇದಕವನ್ನಾಗಲಿ ಅದಕ್ಕೆ ಎದುರಾಗಿ ಸರಿಸುತ್ತದೆ. ಕ್ಯಾನನ್ ಕಂಪೆನಿ ಬದಲಾಯಿಸಬಲ್ಲ ಲೆನ್ಸಿನಲ್ಲಿ ಇದನ್ನು ಮೊದಲು ತಂದುದು 1995ರಲ್ಲಿ. ಇಂದು ಅನೇಕ ಮೊಬೈಲುಗಳಲ್ಲಿಯೂ ಇದೆ. ಮೂರು ಮೆಟ್ಟಿಲುಗಳ ನೆರವು ಎಂದರೆ, 1/200 ಬೇಕಾದಲ್ಲಿ 1/25 ಸಾಕು. ಆದರೆ ಈ ನೆರವು ಕೈಗೆ ಮಾತ್ರ. ತಲೆದೂಗುವ ಹೂವಿಗೂ ಹಾರುವ ಹಣ್ಣಿಗೂ ಅದರಿಂದ ಏನೂ ಆಗದು. ಅವುಗಳಿಗೆ ಬೇಕಾದುದು ಷಟರಿನ ವೇಗ. ಅಥವಾ ತಾಳ್ಮೆ. ಬೀಸಿದ ಗಾಳಿ ಒಂದು ಗಳಿಗೆ ನಿಂತೇ ನಿಲ್ಲುತ್ತದೆ, ಹೂವು ತೂಗಾಟದ ತುದಿಯಲ್ಲಿ ಒಂದು ಕ್ಷಣ ತಡೆಯುತ್ತದೆ. ಕಾದವರಿಗೆ ಅದು ಸಿಕ್ಕುತ್ತದೆ.

ಅಲ್ಲಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಖಾಸಗಿ ವಾಹನಗಳನ್ನು ತಪ್ಪಲಿನಲ್ಲಿಯೇ ಬಿಟ್ಟು ಸಾರಿಗೆ ಬಸ್ಸಿನಲ್ಲಿ ಮೇಲೇರಬೇಕು. ಸುಮಾರು 1450 ಮೀಟರ್ ಎತ್ತರದ ಈ ಬೆಟ್ಟಕ್ಕೆ ಹೆಸರೇ ಹಿಮದ್ದು. ಮಂಜು ಕವಿದಾಗ ಎಲ್ಲೆಲ್ಲೂ ಬೆಳ್ಳಗೆ ಕಾಣುವುದರಿಂದ ಬೆಳಕು ಹೇರಳವಾಗಿದೆಯೆಂದು ಕಣ್ಣು ಮೋಸಹೋಗುತ್ತದೆ. ಷಟರಿನ ಅಂಕಿಯನ್ನು ನೋಡಿದರೆ ನಿಜಸ್ಥಿತಿ ತಿಳಿಯುತ್ತದೆ. ಚಳಿಗಾಳಿಗೆ ಬೆರಳು ಮರಗಟ್ಟಿ ಕೈಯ ನಡುಕವೂ ಹೆಚ್ಚುತ್ತದೆ. ಇಂಥಲ್ಲಿ ಮುಕ್ಕಾಲಿ ಹೊತ್ತವರು ಕಡಿಮೆ. ದೇವಾಲಯದ ಕಲ್ಲಿನ ಗೋಡೆಯೇ ಮುಕ್ಕಾಲಿ. ಅದಕ್ಕೆ ಭುಜವನ್ನು ಆನಿಸಿದರೆ ಮುಗಿಯಿತು.

ಗೋಡೆ ಇಲ್ಲದ ಬಯಲಿಗೆ ತಾತ ತಮ್ಮ ಜೇಬಿನಿಂದ ಒಂದು ಉಪಾಯವನ್ನು ಹೊರತೆಗೆದರು: ಆರಡಿ ಹುರಿ, ಅದರ ತುದಿಗೆ ಕಾಲಿಂಚಿನ ಒಂದು ತಿರುಪು. ಹೆಚ್ಚಿನ ಕ್ಯಾಮೆರಾಗಳ ತಳದಲ್ಲಿ ಮುಕ್ಕಾಲಿಗೆಂದು ಇರುವ ರಂಧ್ರಕ್ಕೆ ಈ ತಿರುಪು ಹೊಂದುತ್ತದೆ. ತಿರುಪು ಗಿಡ್ಡವಾಗಿರಬೇಕು; ಉದ್ದವಾದರೆ ರಂಧ್ರದ ತಳ ಹಾಳಾದೀತು. ಹುರಿಯ ಇನ್ನೊಂದು ತುದಿಯನ್ನು ಕಾಲಿನಿಂದ ಮೆಟ್ಟಿ, ಕ್ಯಾಮೆರಾವನ್ನು ಮೇಲಕ್ಕೆ ಎಳೆದು ಹಿಡಿಯಬೇಕು. ಹುರಿ ಬಿಗಿಯಾಗುತ್ತಲೂ ಮೇಲೆ ಕೆಳಗಿನ ಅಲುಗಾಟ ಅಡಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲವೇ ರೂಪಾಯಿಗಳಿಗೆ ಸಿಕ್ಕುವ ಈ ಸಾಧನ ಜೇಬಿನಲ್ಲಿ ಹಿಡಿಸುತ್ತದೆ.

ಕಾಡಿನಲ್ಲಿ ಒಂದು ಹುರುಳಿ ಚೀಲ

ಈ ಬೆಟ್ಟದ ದೇವರ ಹೆಸರಿನಲ್ಲಿಯೇ ಕೆಳಗಿನ ಕಾಡಿಗೆ ಮೈಸೂರು ಅರಸರ ಕಾಲದಲ್ಲಿ, 1941ರಲ್ಲಿ, ವೇಣುಗೋಪಾಲ ವನ್ಯಜೀವಿ ಉದ್ಯಾನವೆಂಬ ಹೆಸರಾಯಿತು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಮೈಸೂರಿನ ಕೃಪಾಕರ ಮತ್ತು ಸೇನಾನಿ ಎಂಬ ಗೆಳೆಯರು ಈ ಸೀಮೆಯ ಕಾಡುನಾಯಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ, ಲೋಕವೇ ಮೆಚ್ಚುವಂಥ ಚಿತ್ರಗಳನ್ನು ಕೊಟ್ಟರು. ಅಂಥವರ ಬಳಿ ಯಂತ್ರಗಳಿಗಿಂತ ಮಿಗಿಲಾಗಿ ಇದ್ದ ಬಂಡವಾಳ ಕಾಲ. ಸಫಾರಿಯಲ್ಲಿ ಎರಡು ಗಂಟೆ ಕಳೆದು ಬರುವ ಕುಟುಂಬಕ್ಕೆ ಆ ಬಂಡವಾಳವಿಲ್ಲ. ಪ್ರಾಣಿ ಕಂಡೊಡನೆ ಎಲ್ಲರೂ ಒಮ್ಮೆಗೇ ಎದ್ದು ನಿಲ್ಲುತ್ತಾರೆ, ವಾಹನ ತೂಗುತ್ತದೆ, ಎದೆ ಹಾರುತ್ತದೆ, ಕೈ ಗುಂಡಿಯನ್ನು ಕುಟ್ಟುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬುದು ಇಲ್ಲಿ ಅಕ್ಷರಶಃ ನಿಜ.

ಸಫಾರಿಗೆ ಹೋಗುವ ದಿನ ಮಾಡಿಕೊಳ್ಳಬೇಕಾದ ಸಿದ್ಧತೆ ಬಹಳವಿಲ್ಲ. ಹೊರಡುವ ಮುನ್ನವೇ ಐಎಸ್‌ಒ 800ಕ್ಕೋ 1600ಕ್ಕೋ ಏರಿರಲಿ. ಕಾಡಿನ ಬೆಳಗ್ಗೆ ಮತ್ತು ಸಂಜೆ ಬೆಳಕು ಕಡಿಮೆ. ವಾಹನದ ಎಂಜಿನ್ ಓಡುತ್ತಿದ್ದಾಗ ಲೆನ್ಸನ್ನಾಗಲಿ ಮೊಣಕೈಯನ್ನಾಗಲಿ ಕಿಟಕಿಯ ಕಬ್ಬಿಣಕ್ಕೆ ತಾಗಿಸಬಾರದು. ಅದರ ನಡುಕ ನೇರವಾಗಿ ಚಿತ್ರಕ್ಕಿಳಿಯುತ್ತದೆ. ಚಾಲಕ ಎಂಜಿನ್ ನಿಲ್ಲಿಸಿದ ಮೇಲೆ ಅದೇ ಕಿಟಕಿ ಒಳ್ಳೆಯ ಆಸರೆ. ಕಿಟಕಿಗೂ ಲೆನ್ಸಿಗೂ ನಡುವೆ ಒಂದು ಹುರುಳಿ ಚೀಲವಿದ್ದರಂತೂ ದಿವ್ಯ. ಮೊಮ್ಮಗಳು ಎರಡು ರವಿಕೆ ಕಣಗಳನ್ನು ಜೋಡಿಸಿ, ಕಾಳು ಕಾಡಿನಲ್ಲಿ ಚೆಲ್ಲದಂತೆ ಎರಡು ಸುತ್ತು ಹೊಲಿದು, ಒಂದು ಸೇರು ಹುರುಳಿ ತುಂಬಿದ್ದಳು. ಚೀಲ ಮುಕ್ಕಾಲು ಭಾಗ ಮಾತ್ರ ತುಂಬಿರಬೇಕು. ಆಗ ಲೆನ್ಸು ಅದರಲ್ಲಿ ತೊಟ್ಟಿಲ ಮಗುವಿನಂತೆ ಹುದುಗುತ್ತದೆ.

ಕಾಡಿನ ನಡುವಿನ ಹೆದ್ದಾರಿಯಲ್ಲಿ ವಾಹನ ನಿಲ್ಲಿಸಿ ಚಿತ್ರ ತೆಗೆಯುವುದು ನಿಷಿದ್ಧ. ಕಾನೂನಿನ ಮಾತು ಹಾಗಿರಲಿ, ಆನೆಯ ಮುಂದೆ ಇಳಿದು ನಿಂತವನ ಕೈ ಯಾವ ಉಪಾಯದಿಂದಲೂ ನಿಲ್ಲದು.

ಎರಡು ಚಿತ್ರಗಳು

ಆ ಭಾನುವಾರದ ಚಿತ್ರಗಳಲ್ಲಿ ಮನೆಯವರು ಆರಿಸಿ ಮುದ್ರಿಸಿದುದು ಆನೆಯ ಚಿತ್ರವನ್ನಲ್ಲ, ಸೂರ್ಯಕಾಂತಿಯದನ್ನೂ ಅಲ್ಲ. ಬೆಟ್ಟದ ಬಯಲಿನಲ್ಲಿ, ಮಂಜು ಒಂದಿಷ್ಟು ಸರಿದ ಗಳಿಗೆಯಲ್ಲಿ, ಮೊಮ್ಮಗಳೂ ಅವಳ ಗಂಡನೂ ನಿಂತಿರುವ ಚಿತ್ರ ಅದು. ಹುರಿಯನ್ನು ಮೆಟ್ಟಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಐಎಸ್‌ಒವನ್ನು 1600ಕ್ಕೆ ಏರಿಸಿ, ಷಟರನ್ನು 1/250ಕ್ಕೆ ನಿಲ್ಲಿಸಿ ಅದನ್ನು ತೆಗೆದವರು ತಾತ. ಕಾಳು ಇದೆ; ಮಂಜಿನ ಬೂದುಬಣ್ಣದಲ್ಲಿ ಮರಳಿನಂತೆ ಹರಡಿದೆ. ಆದರೆ ಹುಡುಗಿಯ ಹುಬ್ಬಿನ ಮೇಲೆ ಕೂತಿರುವ ಮಂಜಿನ ಹನಿಯನ್ನೂ ಎಣಿಸಬಹುದು.

ಈಗ ಆ ಗೋಡೆಯ ಮೇಲೆ ಎರಡು ಚಿತ್ರಗಳು ಪಕ್ಕಪಕ್ಕದಲ್ಲಿವೆ. ಒಂದರಲ್ಲಿ ಮುಖವಿಲ್ಲ, ಇನ್ನೊಂದರಲ್ಲಿ ಇದೆ. ತೆಗೆದ ಕೈ ಒಂದೇ. ಮೊದಲನೆಯದರ ಕಾಲಕ್ಕೆ ಅದು ಎಳೆಯದಾಗಿತ್ತು, ಎರಡನೆಯದರ ಕಾಲಕ್ಕೆ ನಡುಗುತ್ತಿತ್ತು.